ಪುಸ್ತಕದಲ್ಲಿ ಬರೆದ ತೂಕ

ಕೇಳುಗರಿಗೆಲ್ಲ ನಮಸ್ಕಾರ.

ಚಳ್ಳಕೆರೆ ಕಡೆಯ ಒಬ್ಬ ತಾಯಿ ನನಗೆ ಇವತ್ತಿಗೂ ನೆನಪಾಗುತ್ತಾರೆ. ಆಗ ನಾನು ಚಿತ್ರದುರ್ಗ ಜಿಲ್ಲೆಯ ಒಂದು ಎ.ಆರ್.ಟಿ. ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕಡೆ, ಆಪ್ತ ಸಮಾಲೋಚಕಿ. ತೂಕ ನೋಡೋಣ ಬನ್ನಿ ಅಂದೆ. ಚಪ್ಪಲಿ ಬಿಟ್ಟರು, ಕೈಚೀಲ ಕೆಳಗಿಟ್ಟರು. ಯಂತ್ರದ ಮೇಲೆ ನಿಂತು, ಸೆರಗು ಸರಿ ಮಾಡಿಕೊಳ್ಳಲು ಕೈ ಎತ್ತಿದರು. ಗಾಜಿನ ಬಳೆಗಳೆಲ್ಲ ಸರ್ರನೆ ಮೊಣಕೈವರೆಗೆ ಜಾರಿದವು. ಮುಳ್ಳು 36ಕ್ಕೆ ನಿಂತಿತು.

"ಮೊದ್ಲು ಐವತ್ತಿದ್ದೆ ಮೇಡಂ" ಅಂದರು.

ಮನೆಯಲ್ಲಿ ಯಾರೂ ಗಮನಿಸಲಿಲ್ವಾ ಅಂತ ಕೇಳಿದೆ. ಗಮನಿಸಿದ್ದರು. ಬಿಸಿಲಲ್ಲಿ ಶೇಂಗಾ ಕೀಳುತ್ತಾಳೆ, ಸೊರಗಿದ್ದಾಳೆ ಅಂದುಕೊಂಡಿದ್ದರು. ಗಂಡಸು ಸೊರಗಿದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಹೆಂಗಸು ಸೊರಗಿದರೆ ಕೆಲಸ ಜಾಸ್ತಿ ಅಂತಾರೆ. ಇದು ನನಗೆ ತುಂಬ ನೋವು ಕೊಡುವ ಮಾತು.

ಒಂದು ಲೆಕ್ಕ ಹೇಳುತ್ತೇನೆ. ಐದು ಅಡಿ ಎತ್ತರದ ಹೆಂಗಸಿಗೆ 43 ಕಿಲೋ ಕೆಳಗಿನ ಗಡಿ. ಅದಕ್ಕಿಂತ ಇಳಿದರೆ ತೂಕ ಕಡಿಮೆ ಅಂತಲೇ ಅರ್ಥ. 37ಕ್ಕಿಂತ ಇಳಿದರೆ ಅದು ಅಪಾಯ. ಮಾತ್ರೆ ಶುರು ಮಾಡುವ ದಿನ ಯಾರು ಹೀಗೆ ಬಡಕಲಾಗಿರುತ್ತಾರೋ, ಅವರಲ್ಲಿ ಸಾವು ಜಾಸ್ತಿ. ಅದೂ ಮೊದಲ ಕೆಲವು ತಿಂಗಳಲ್ಲೇ. ಎಷ್ಟೋ ದೇಶಗಳಲ್ಲಿ ಇದನ್ನೇ ಕಂಡಿದ್ದಾರೆ. ಸಮಾಧಾನದ ವಿಷಯವೂ ಇದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ತೂಕ ಏರುತ್ತಾ ಬಂದವರು ಬದುಕಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಶುರುವಿನಲ್ಲಿ ಎಷ್ಟೇ ಸೊರಗಿದ್ದರೂ ಈ ಮಾತು ನಿಜ.

ನಾನೂ ಮೊದಮೊದಲು ಬಂದವರ ಪುಸ್ತಕದಲ್ಲಿ ತೂಕ ಬರೆದು, ಅವರನ್ನು ಮುಂದಿನ ಕೋಣೆಗೆ ಕಳಿಸಿಬಿಡುತ್ತಿದ್ದೆ. ಹಿಂದಿನ ತಿಂಗಳ ಅಂಕಿ ತಿರುವಿ ನೋಡುತ್ತಿರಲಿಲ್ಲ. ಆಮೇಲೆ ಕಲಿತೆ. ಇವತ್ತಿನ ಅಂಕಿ ಒಂದೇ ಏನೂ ಹೇಳುವುದಿಲ್ಲ. ಹೋದ ಸಲದ್ದರ ಪಕ್ಕ ಇಟ್ಟಾಗಲೇ ಅದು ಮಾತಾಡುವುದು.

ಮಾತ್ರೆ ನುಂಗಿದರೂ ತೂಕ ಏರುತ್ತಿಲ್ಲ ಅಂದರೆ ಮೊದಲು ಟಿಬಿ ಹುಡುಕಬೇಕು. ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ಅದೇ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಈ ನಾಲ್ಕರಲ್ಲಿ ಒಂದಿದ್ದರೂ ಸುಮ್ನೆ ಕೂರಬೇಡಿ. ಬಾಯಿಹುಣ್ಣು, ಭೇದಿ ಇದ್ದರೂ ಹೇಳಿ. ನುಂಗಲು ಆಗದಿದ್ದರೆ ಮೈಗೆ ಎಲ್ಲಿಂದ ಹತ್ತಬೇಕು?

ಇನ್ನು ಊಟ. ಸೋಂಕಿನ ಲಕ್ಷಣ ಕಾಣಿಸಿಕೊಂಡ ಮೈಗೆ ಮಾಮೂಲಿಗಿಂತ ನೂರಕ್ಕೆ 20ರಿಂದ 30ರಷ್ಟು ಜಾಸ್ತಿ ಶಕ್ತಿ ಬೇಕು. ನಮ್ಮ ಮನೆಗಳಲ್ಲಿ ಆಗುವುದೇನು? ಗಂಡ, ಮಕ್ಕಳು, ಅತ್ತೆ, ಎಲ್ಲರದೂ ಆದ ಮೇಲೆ ಅವಳು ತಟ್ಟೆ ಹಾಕಿಕೊಳ್ಳುತ್ತಾಳೆ. ಪಾತ್ರೆಯ ತಳದಲ್ಲಿ ತಿಳಿ ಸಾರು, ಅರ್ಧ ಮುದ್ದೆ. ಕಾಳೆಲ್ಲ ಮುಂಚೆಯೇ ಖಾಲಿ. ಆ ತಾಯಿಗೆ ನಾನು ಟಾನಿಕ್ ಬರೆಸಲಿಲ್ಲ. ಅತ್ತೆಯನ್ನು ಒಮ್ಮೆ ಜೊತೆಗೆ ಕರೆತರಲು ಆಗುತ್ತಾ ಅಂತ ಕೇಳಿದೆ. ಅತ್ತೆಗೆ ವಿಷಯ ಗೊತ್ತಿತ್ತು, ಬಂದರು. ಇವಳಿಗೂ ಒಂದು ಹಿಡಿ ಶೇಂಗಾ, ಒಂದು ಮೊಟ್ಟೆ, ಗಟ್ಟಿ ಕಾಳು ಮೊದಲೇ ಎತ್ತಿಡಿ ಅಂದೆ. ಬಸ್ ಸಿಗಲ್ಲ ಅಂತ ಖಾಲಿ ಹೊಟ್ಟೆಯಲ್ಲಿ ಹೊರಡಿಸಬೇಡಿ ಅಂತಲೂ ಹೇಳಿದೆ. ಆರು ತಿಂಗಳಿಗೆ ಆಕೆ 44 ಕಿಲೋ. ಬಳೆ ಮಣಿಕಟ್ಟಿನಲ್ಲೇ ನಿಂತಿದ್ದವು.

ಅಷ್ಟು ಸೊರಗುವವರೆಗೆ ಕಾಯುವುದು ಈಗ ಬೇಕಾಗಿಯೇ ಇಲ್ಲ. 2004ರಿಂದ ಈ ಮಾತ್ರೆ ನಮ್ಮ ದೇಶದಲ್ಲಿ ಪುಕ್ಕಟೆ. 2017ರಿಂದ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, ಎಷ್ಟೇ ಇರಲಿ, ಎಚ್‌ಐವಿ ಗೊತ್ತಾದ ಮೇಲೆ ಎಲ್ಲರಿಗೂ ಚಿಕಿತ್ಸೆ.

ಈಚೆಗೆ ಕೆಲವರು ಬೇರೆ ಚಿಂತೆ ಹೇಳುತ್ತಾರೆ. ದಪ್ಪ ಆಗ್ತಿದೀನಿ, ಮಾತ್ರೆ ಬಿಡಲಾ ಅಂತ. ಈಗ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇದೆ. ಅದರಿಂದ ಕೆಲವರಿಗೆ ತೂಕ ಏರುತ್ತದೆ, ಹೆಂಗಸರಿಗೆ ಇನ್ನೂ ಜಾಸ್ತಿ. ಕಳೆದುಕೊಂಡಿದ್ದು ವಾಪಸ್ ಬಂದರೆ ಖುಷಿಪಡಿ. ಅದನ್ನೂ ಮೀರಿ ಏರುತ್ತಿದ್ದರೆ ಡಾಕ್ಟರಿಗೆ ಹೇಳಿ, ಬಿಪಿ, ಸಕ್ಕರೆ ನೋಡಿಸಿ. ಮಾತ್ರೆ ಮಾತ್ರ ನೀವಾಗಿಯೇ ಬಿಡಬೇಡಿ. ದಯವಿಟ್ಟು ಬಿಡಬೇಡಿ.

ಆರೋಗ್ಯ ಸುಧಾರಿಸಿದವರಿಗೆ ಈಗ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದುಂಟು. ಓಡಾಟ ತಪ್ಪುತ್ತದೆ, ಒಳ್ಳೆಯದೇ. ಆದರೆ ತೂಕ ನೋಡುವುದೂ ತಪ್ಪುತ್ತದೆ ಅಲ್ವಾ? ಹಾಗಾಗಿ ಊರಿನ ಉಪಕೇಂದ್ರದಲ್ಲೋ ಪರಿಚಯದ ಅಂಗಡಿಯಲ್ಲೋ, ತಿಂಗಳಿಗೊಂದು ಸಲ, ಅದೇ ಯಂತ್ರದ ಮೇಲೆ ನಿಂತು ನೋಡಿಕೊಳ್ಳಿ. ಯಾಕೆ ಅಂತ ಯಾರಿಗೂ ಹೇಳಬೇಕಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಅಂಕಿ ಬರೆದಿಡಿ. ಎರಡು ತಿಂಗಳು ಬಿಡದೆ ಇಳಿದರೆ, ಮಾತ್ರೆಯ ತಾರೀಖು ಬರಲಿ ಅಂತ ಕಾಯಬೇಡಿ. ಮಾರನೇ ದಿನವೇ, ತಿಂಡಿ ತಿಂದು, ಬಸ್ ಹತ್ತಿ.

ನಮಸ್ಕಾರ.