ಮೂರು ಚೀಲ ಮತ್ತು ಒಡೆದ ಹಂಚು

ನಮಸ್ಕಾರ. ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ನಮ್ಮ ಚರ್ಚಿನ ಸಭೆಯವರು ಮಕ್ಕಳಿಗೆ ಶಾಲಾಚೀಲ ಕೊಡುವ ಕಾರ್ಯಕ್ರಮ. ಹೊರಗೆ ಜಡಿಮಳೆ. ಮುಖ್ಯೋಪಾಧ್ಯಾಯಿನಿ ಆದರದಿಂದ ಬರಮಾಡಿಕೊಂಡರು, ಚಹಾ ತರಿಸಿದರು. ಎಲ್ಲ ಮುಗಿದ ಮೇಲೆ ಮೆಲ್ಲನೆ ಕಪಾಟಿನ ಬಾಗಿಲು ತೆರೆದು ತೋರಿಸಿದರು. ಹಿಂದಿನ ವಾರ ಕಥೋಲಿಕ ಚರ್ಚಿನವರು ಕೊಟ್ಟು ಮಿಕ್ಕಿದ ಚೀಲಗಳು ಒಂದು ಕಡೆ. ಅದಕ್ಕೂ ಮೊದಲು ಮತ್ತೊಂದು ಪ್ರಾರ್ಥನಾಲಯದವರು ತಂದದ್ದು ಇನ್ನೊಂದು ಕಡೆ. “ಬೇಸರ ಮಾಡಬೇಡಿ ಸರ್, ಈಗ ಒಬ್ಬೊಬ್ಬ ಮಗುವಿಗೂ ಮೂರು ಚೀಲ ಆಯಿತು” ಎಂದರು. ನಾವು ನಿಂತಿದ್ದ ಕೋಣೆಯ ಮೂಲೆಯಲ್ಲಿ ಹಂಚು ಒಡೆದು ನೀರು ಸುರಿಯುತ್ತಿತ್ತು. ಕೆಳಗೆ ಬಿಸಿಯೂಟದ ದೊಡ್ಡ ಪಾತ್ರೆ ಇಟ್ಟಿದ್ದರು.

ಅಂದು ಮನೆಗೆ ಬಂದವನಿಗೆ ಊಟ ರುಚಿಸಲಿಲ್ಲ. ಮೂರು ಚರ್ಚುಗಳಿಗೂ ಒಳ್ಳೆಯ ಮನಸ್ಸಿತ್ತು, ಮೂರರ ಹತ್ತಿರವೂ ಹಣವಿತ್ತು. ಒಬ್ಬರಿಗೊಬ್ಬರು ಒಂದು ಫೋನ್ ಮಾಡಿದ್ದರೆ ಅದೇ ಹಣದಲ್ಲಿ ಶಾಲೆಯ ಮಾಡು (ಛಾವಣಿ) ಸರಿಯಾಗುತ್ತಿತ್ತು.

ಮಂಗಳೂರಿನಲ್ಲಿ ಶಾಲೆಯ ಮಾಡಿನ ಹಂಚು ಒಡೆದು ಬಿದ್ದಿರುವುದು ಕ್ರೈಸ್ತನಾದ ನನಗೆ ಬೇರೆ ಯಾವ ಊರಿಗಿಂತಲೂ ಹೆಚ್ಚು ನೋಯಬೇಕು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಕೆಲವೇ ವರ್ಷಗಳಲ್ಲಿ ಶಾಲೆ ತೆರೆದರು. ಅಚ್ಚುಕೂಟ ಹಾಕಿದರು. 1843ರಲ್ಲಿ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂತು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನೇತ್ರಾವತಿ ತಂದುಹಾಕಿದ ಜೇಡಿಮಣ್ಣು ಬೆಂದು ಹಂಚಾಗಿ, ಮಂಗಳೂರು ಹಂಚೆಂಬ ಹೆಸರಿನಲ್ಲಿ ದೇಶಾಂತರ ಹೋಯಿತು. ಇತ್ತ ಕಥೋಲಿಕರೂ ಸುಮ್ಮನೆ ಕುಳಿತವರಲ್ಲ. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಬಂದು ಹೆಣ್ಣುಮಕ್ಕಳಿಗೆ ಕಲಿಸತೊಡಗಿದರು. 1880ರಲ್ಲಿ ಜೆಸ್ವಿತರ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಸಂತ ಆಗ್ನೆಸ್ ಕಾಲೇಜು. ಇವರ ಮತ್ತು ಅವರ ನಡುವೆ ಪೈಪೋಟಿ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಪೈಪೋಟಿಯಿಂದ ಊರಿಗೆ ಲಾಭವೇ ಆಯಿತು ಎಂದು ನಾನು ನಂಬಿದ್ದೇನೆ. ಶಾಲೆಯೇ ಇಲ್ಲದ ಕಾಲದಲ್ಲಿ ಇಬ್ಬರು ಹಟಕ್ಕೆ ಬಿದ್ದು ಎರಡು ಶಾಲೆ ಕಟ್ಟಿದರೆ ಒಳ್ಳೆಯದೇ. ಇಂದು ಶಾಲೆಗಳು ಇವೆ; ಅವುಗಳಲ್ಲಿ ಬಡವರ ಮಕ್ಕಳು ಓದುವ ಶಾಲೆಗಳ ಕೈಹಿಡಿಯುವವರು ಕಡಿಮೆ.

ಆ ಶಾಲೆಯಲ್ಲಿ ಯಾರು ಓದುತ್ತಾರೆ? ನಾನು ಕಂಡ ಮಕ್ಕಳಲ್ಲಿ ಬಹುಪಾಲು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಮಕ್ಕಳು. ಅಪ್ಪ ಅಮ್ಮ ಬಹುಮಹಡಿ ಕಟ್ಟಡದ ಕೆಲಸಕ್ಕೆ ಹೋದರೆ ಮಕ್ಕಳು ಇಲ್ಲಿಗೆ ಬರುತ್ತಾರೆ. ನಮ್ಮ ಕರಾವಳಿಯ ಕನ್ನಡ ಕೇಳಿ ಮೊದಲ ತಿಂಗಳು ಕಣ್ಣು ಬಿಡುತ್ತಾರೆ, ಆಮೇಲೆ ತುಳುವನ್ನೂ ಕಲಿತುಬಿಡುತ್ತಾರೆ. ಊರಿನವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದ ಮೇಲೆ ಈ ಕನ್ನಡ ಶಾಲೆಯನ್ನು ಮುಚ್ಚದಂತೆ ಉಳಿಸಿರುವವರು ಇವರೇ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು ಎಂದು ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನಲ್ಲಿ ಈ ಮಕ್ಕಳಿಗೂ ಪಾಲು ಸಿಗಬೇಕು.

ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕಲಿಸುವವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಎಂದರೆ ಕಾನೂನು ಅಕ್ಷರಶಃ ಪಾಲನೆಯಾದರೂ ಐದು ತರಗತಿಗೆ ಇಬ್ಬರೇ. ಅವರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರೆ ಉಳಿದವರು ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಶಾಲೆ ಶುರುವಾಗಿ ಎಷ್ಟೋ ದಿನ ಕಳೆದಿರುತ್ತದೆ. ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ಮಗು ಹಾಗೆಯೇ ಮುಂದಿನ ತರಗತಿಗೆ ಹೋಗುತ್ತದೆ.

ಈಗ ನಮ್ಮ ಚರ್ಚುಗಳ ಬೆಂಚುಗಳನ್ನು ನೋಡಿ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಭಾನುವಾರ ಯಾವ ಬೆಂಚಿನಲ್ಲಿ ಕುಳಿತರೂ ಆಚೀಚೆ ಒಬ್ಬರಾದರೂ ನಿವೃತ್ತ ಟೀಚರ್ ಇರುತ್ತಾರೆ. ಮೂವತ್ತು, ಮೂವತ್ತೈದು ವರ್ಷ ಪಾಠ ಹೇಳಿದ ಕೈಗಳು. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಮನೆಯಲ್ಲಿ ಹಗಲು ಉದ್ದವಾಗಿದೆ. ಅಂಥ ಒಬ್ಬರು ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ, ಓದಲು ಬಾರದ ಆರು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಓದಿಸಿದರೆ ಏನಾಗುತ್ತದೆಂದು ನಾನು ನೋಡಿದ್ದೇನೆ. ನಮ್ಮ ಸಭೆಯ ಹಿರಿಯರೊಬ್ಬರು ಮೊನ್ನೆಯ ಮಳೆಗಾಲ ಹೀಗೆ ಮಾಡಿದರು. ಒತ್ತಕ್ಷರ ಕಂಡರೆ ಅಳುತ್ತಿದ್ದ ಮೂರನೆಯ ತರಗತಿಯ ಹುಡುಗಿ ದಸರಾ ರಜೆಯ ಹೊತ್ತಿಗೆ ಬಸ್ಸಿನ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದೇ ಚರ್ಚಿನಿಂದ ಇದನ್ನು ವರ್ಷವಿಡೀ ನಡೆಸುವುದು ಕಷ್ಟ; ಒಬ್ಬರಿಗೆ ಜ್ವರ ಬಂದರೆ ನಿಂತುಹೋಗುತ್ತದೆ. ಮೂರು ನಾಲ್ಕು ಚರ್ಚಿನವರು ಸೇರಿದರೆ ಸರದಿ ತಪ್ಪುವುದಿಲ್ಲ.

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ. ಕಥೋಲಿಕರು, ಪ್ರೊಟೆಸ್ಟಂಟರಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಯವರು, ಆರ್ಥೊಡಾಕ್ಸ್ ಸಭೆಯವರು ಒಂದು ಸಂಜೆ ಒಟ್ಟಿಗೆ ಹಾಡುತ್ತೇವೆ. ಕೊಂಕಣಿ, ತುಳು, ಕನ್ನಡ, ಮಲಯಾಳ ಎಲ್ಲ ಬೆರೆಯುತ್ತವೆ. ಬ್ರಹ್ಮಾವರದ ಕಡೆ ಕೊಂಕಣಿ ಆಡುವ ಆರ್ಥೊಡಾಕ್ಸರೂ ಇದ್ದಾರೆ, ಅದೊಂದು ಚೆಂದದ ಚರಿತ್ರೆ. ಆ ಸಂಜೆಗೆ ನನ್ನ ಕಣ್ಣು ತುಂಬುತ್ತದೆ. ಆದರೆ ಕಾಫಿ ಕುಡಿದು ಹೊರಟರೆ ಮತ್ತೆ ಸೇರುವುದು ಮುಂದಿನ ಜನವರಿಗೆ. ನನ್ನ ಬೇಡಿಕೆ ಇಷ್ಟು: ಆ ಸಂಜೆ ಎದ್ದು ಹೋಗುವ ಮೊದಲು ನಮ್ಮ ವ್ಯಾಪ್ತಿಯ ಒಂದು ಸರಕಾರಿ ಶಾಲೆಯನ್ನು ಆರಿಸಿಕೊಳ್ಳೋಣ. ಫೆಬ್ರವರಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಮುಂದೆ ಹೋಗಿ ಏನು ಬೇಕೆಂದು ಕೇಳೋಣ. ಏಪ್ರಿಲ್‌ನಲ್ಲಿ ರಜೆ ಸಿಕ್ಕ ಕೂಡಲೇ ಮಾಡು ಹತ್ತಿ ಹಂಚು, ಅದನ್ನು ಹೊರುವ ಮರದ ರೀಪು, ಪಕ್ಕಾಸು ನೋಡಿ ಮಳೆಗೆ ಮೊದಲು ಮುಗಿಸೋಣ.

ಇಲ್ಲಿ ಒಂದು ಕಷ್ಟದ ಮಾತು ಆಡಲೇಬೇಕು. ಚರ್ಚಿನವರು ಶಾಲೆಗೆ ಬಂದರು ಎಂದರೆ ಕೆಲವರಿಗೆ ಮತಾಂತರದ ಅನುಮಾನ. 2008ರ ಸೆಪ್ಟೆಂಬರ್‌ನಲ್ಲಿ ನಮ್ಮ ಚರ್ಚುಗಳ ಮೇಲೆ ನಡೆದ ದಾಳಿಯನ್ನು ನಾವು ಮರೆತಿಲ್ಲ, ಆ ಹೆದರಿಕೆಯಿಂದಲೇ ಎಷ್ಟೋ ಜನ ಗೇಟಿನೊಳಗೆ ಕಾಲಿಡಲು ಹಿಂಜರಿಯುತ್ತಾರೆ. ಅನುಮಾನಕ್ಕೆ ಉತ್ತರ ನಮ್ಮ ನಡತೆಯಲ್ಲಿರಬೇಕು. ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಸಲ್ಲದು ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದನ್ನು ಮನಸಾರೆ ಪಾಲಿಸೋಣ. ಪ್ರಾರ್ಥನೆ ಬೇಡ, ಕರಪತ್ರ ಬೇಡ, ಹಂಚಿನ ಮೇಲೆ ಚರ್ಚಿನ ಹೆಸರು ಬೇಡ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದು ಖಂಡಿತ ಬೇಡ. ಊರಿನ ಭಜನಾ ಮಂಡಳಿಯವರು, ಮಸೀದಿಯವರು ಕೈಜೋಡಿಸಲು ಬಂದರೆ ಎದ್ದು ನಿಂತು ಸ್ವಾಗತಿಸೋಣ. ಕಿತ್ತಳೆ ಮಾರಿ ಕೂಡಿಟ್ಟ ಹಣದಿಂದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದ ಹರೇಕಳ ಹಾಜಬ್ಬ ಅವರ ಜಿಲ್ಲೆ ಇದು.

“ನಮ್ಮದೇ ಅನುದಾನಿತ ಶಾಲೆಗಳು ಬಡವಾಗಿವೆ, ಖಾಲಿಯಾದ ಹುದ್ದೆ ತುಂಬುತ್ತಿಲ್ಲ” ಎಂದು ನನ್ನೊಡನೆ ಒಬ್ಬ ಧರ್ಮಗುರುಗಳು ವಾದಿಸಿದರು. ಅವರ ನೋವು ನಿಜ. ಆ ಕನ್ನಡ ಶಾಲೆಗಳನ್ನೂ ಇದೇ ಪಟ್ಟಿಗೆ ಸೇರಿಸೋಣ ಎಂದೆ. ಜೊತೆಗೆ, ಶಿಕ್ಷಕರನ್ನು ನೇಮಿಸುವ ಹೊಣೆ ಸರಕಾರದ್ದೇ. ನಮ್ಮ ಹಿರಿಯರು ಪಾಠ ಹೇಳುತ್ತಿದ್ದಾರೆಂದು ಆ ಹೊಣೆ ಕಳಚಿಹೋಗಬಾರದು. ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯುವ ಪತ್ರದಲ್ಲಿ ನಾಲ್ಕು ಚರ್ಚುಗಳ ಸಹಿ ಒಟ್ಟಿಗೆ ಇರಲಿ.

ಮೊನ್ನೆ ಮತ್ತೆ ಆ ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. ಈ ಸಲ ಕೈಯಲ್ಲಿ ಏನೂ ಒಯ್ಯಲಿಲ್ಲ, ಏನು ಬೇಕೆಂದು ಕೇಳಿದೆ. ಹಾಜರಿ ಪುಸ್ತಕದ ಹಿಂದಿನಿಂದ ಒಂದು ಹಾಳೆ ತೆಗೆದರು, ಎಂದೋ ಬರೆದಿಟ್ಟಿದ್ದರು. ಹಂಚು 200, ಪಕ್ಕಾಸು ನಾಲ್ಕು, ಹುಡುಗಿಯರ ಶೌಚಾಲಯಕ್ಕೆ ಚಿಲಕ, ಓದಿಸಲು ಯಾರಾದರೂ ಇಬ್ಬರು. ಏಪ್ರಿಲ್‌ನಲ್ಲಿ ರಜೆ ಶುರುವಾದ ಮೇಲೆ ಶಾಲೆಯ ಬೀಗದ ಕೈ ಎದುರಿನ ಅಂಗಡಿಯಲ್ಲಿ ಇರುತ್ತದೆಯಂತೆ.