ಅಲೆಗಿಂತ ಮೊದಲು ಗಡಿಯಾರ ನೋಡಿ

ನಮಸ್ಕಾರ. ಲ್ಯಾಪ್‌ಟಾಪ್ ಹೊತ್ತುಕೊಂಡು ಯಾವುದಾದರೂ ದ್ವೀಪಕ್ಕೆ ಹೋಗಿ, ನಾಲ್ಕಾರು ತಿಂಗಳು ಅಲ್ಲೇ ಇದ್ದು, ಕೆಲಸವನ್ನೂ ಬಿಡದೆ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯ ಸವಾರಿ, ಮಾಡಬೇಕು ಎನ್ನುವ ಆಸೆ ಈಗ ನಮ್ಮಲ್ಲೂ ಬಹಳ ಮಂದಿಗೆ ಇದೆ. ಒಳ್ಳೆಯ ಆಸೆ, ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ದ್ವೀಪವನ್ನು ಆರಿಸುವ ರೀತಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಜಗತ್ತಿನ ಅತ್ಯುತ್ತಮ ಅಲೆ ಎಲ್ಲಿದೆ ಎಂದು ಹುಡುಕುತ್ತಾರೆ. ಬಾಲಿಯ ಉಲುವಾಟು, ಫಿಲಿಪ್ಪೀನ್ಸ್‌ನ ಸಿಯರ್ಗಾವ್, ಸುಮಾತ್ರಾದ ಆಚೆಗಿರುವ ಮೆಂಟಾವಾಯಿ ಎಂಬ ಹೆಸರುಗಳು ಸಿಗುತ್ತವೆ. ಚಿತ್ರ ನೋಡುತ್ತಾರೆ, ಟಿಕೆಟ್ ತೆಗೆಸುತ್ತಾರೆ. ಅಲೆಯನ್ನು ಕೊನೆಗೆ ನೋಡಿ ಎನ್ನುತ್ತೇನೆ ನಾನು. ಮೊದಲು ನೋಡಬೇಕಾದದ್ದು ನಿಮ್ಮ ಕಚೇರಿಯ ಗಡಿಯಾರವನ್ನು.

ಏಕೆಂದರೆ ಉಷ್ಣವಲಯದ ಕಡಲಿಗೂ ಅದರದ್ದೇ ಆದ ವೇಳಾಪಟ್ಟಿ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೆಚ್ಚಗೇ ಉಳಿಯುತ್ತದೆ. ಆಗ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಶಾಲೆಯಲ್ಲಿ ಓದಿದ ಭೂಗಾಳಿ ಇದೇ. ಅದು ಬರುತ್ತಿರುವ ಅಲೆಯ ಮುಖವನ್ನು ಎದುರಿನಿಂದ ತಡೆದು ನೆಟ್ಟಗೆ ನಿಲ್ಲಿಸುತ್ತದೆ, ಮೇಲ್ಮೈಯನ್ನು ನಯವಾಗಿಸುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕಡಲಗಾಳಿ ಎದ್ದು, ನೀರು ಒಲೆಯ ಮೇಲಿನ ಎಸರಿನಂತೆ ಕುದಿಯತೊಡಗುತ್ತದೆ. ಅದೇ ಅಲೆ, ಅದೇ ಎತ್ತರ, ಆದರೆ ಅದರ ಮೇಲೆ ನಿಲ್ಲುವುದು ಕಷ್ಟ. ಆದ್ದರಿಂದ ಸರ್ಫಿಂಗ್ ಮಾಡುವವರಿಗೆ ದಿನದ ಮೊದಲ ಮೂರು ಗಂಟೆಗಳೇ ಆಸ್ತಿ. ಆ ಮೂರು ಗಂಟೆ ನಿಮ್ಮ ಕೈಯಲ್ಲಿ ಉಳಿಯುತ್ತವೆಯೇ ಎಂಬುದು ದ್ವೀಪದ ಸಮಯವಲಯ ಮತ್ತು ನಿಮ್ಮ ಕೆಲಸದ ವೇಳೆ ಎರಡೂ ಸೇರಿ ತೀರ್ಮಾನಿಸುವ ಸಂಗತಿ.

ಈಗ ಲೆಕ್ಕ ಹಾಕಿ. ಬಾಲಿ ಮತ್ತು ಸಿಯರ್ಗಾವ್ ನಮಗಿಂತ ಎರಡೂವರೆ ಗಂಟೆ ಮುಂದೆ ಇವೆ. ಬೆಂಗಳೂರಿನ ಕಚೇರಿ ಒಂಬತ್ತೂವರೆಗೆ ಶುರುವಾಗುವಾಗ ಅಲ್ಲಿ ಮಧ್ಯಾಹ್ನ ಹನ್ನೆರಡು. ಬರೀ ಬೆಂಗಳೂರಿನ ತಂಡದೊಂದಿಗೆ ಕೆಲಸ ಮಾಡುವವರಿಗೆ ಇದು ವರದಾನ. ಇಡೀ ಬೆಳಗು ನಿಮ್ಮದು, ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಯುತ್ತದೆ. ಆದರೆ ನಮ್ಮ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಎಷ್ಟು ಮಂದಿಯ ದಿನ ಸಂಜೆ ಆರೂವರೆಗೆ ಮುಗಿಯುತ್ತದೆ? ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತಾಗುವಾಗ, ಚಳಿಗಾಲದಲ್ಲಿ, ನಮಗೆ ಸಂಜೆ ಏಳೂವರೆ. ಬಾಲಿಯಲ್ಲಿ ಆಗಲೇ ರಾತ್ರಿ ಹತ್ತು. ಅಮೆರಿಕದ ಪಶ್ಚಿಮ ಕರಾವಳಿಯ ಗ್ರಾಹಕರಾದರೆ ಮೊದಲ ಕರೆ ಬರುವುದೇ ಬಾಲಿಯ ಮಧ್ಯರಾತ್ರಿ ದಾಟಿದ ಮೇಲೆ. ಎರಡು ಗಂಟೆಗೆ ಮಲಗಿದವರು ಐದೂವರೆಗೆ ಎದ್ದು ಈಜಲಾರರು. ಒಂದೆರಡು ದಿನ ಹುಮ್ಮಸ್ಸಿನಲ್ಲಿ ಏಳಬಹುದು. ನಿದ್ದೆಗೆಟ್ಟು ಕಡಲಿಗೆ ಇಳಿಯುವುದು ಅಪಾಯಕಾರಿ. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಮಾರಿಷಸ್ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮ ಒಂಬತ್ತೂವರೆ ಅಲ್ಲಿ ಎಂಟು ಗಂಟೆ, ಅಂದರೆ ಬೆಳಗು ಹೋಯಿತು. ಸಂಜೆ ಐದಕ್ಕೆ ಬಿಡುವಾಗುತ್ತದೆ ನಿಜ, ಆದರೆ ಅಲೆಗಳು ಚೆನ್ನಾಗಿರುವ ಅಲ್ಲಿನ ಚಳಿಗಾಲದಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಾಲ್ಡೀವ್ಸ್ ಅರ್ಧ ಗಂಟೆ ಮಾತ್ರ ಹಿಂದೆ, ತುಲುಸ್ದೂ ದ್ವೀಪದ ಅಲೆಗಳು ಪ್ರಸಿದ್ಧ. ಆದರೆ ಅಲ್ಲಿ ಬಹುತೇಕ ಎಲ್ಲವೂ ಹವಳದ ದಿಬ್ಬದ ಮೇಲೆ ಒಡೆಯುವ ಅಲೆಗಳು, ಕಲಿಯುವವರಿಗೆ ಹೇಳಿ ಮಾಡಿಸಿದ್ದಲ್ಲ.

ಹಾಗಾಗಿ ಭಾರತದ ವೇಳೆಯಲ್ಲಿ ದುಡಿಯುವ, ಸಂಜೆ ಒಂದೆರಡು ವಿದೇಶಿ ಕರೆಗಳೂ ಇರುವ, ಸರ್ಫಿಂಗ್‌ನಲ್ಲಿ ಇನ್ನೂ ಮಧ್ಯಮ ಹಂತವನ್ನೂ ಮುಟ್ಟದ ಒಬ್ಬ ಸಾಮಾನ್ಯ ಕನ್ನಡಿಗ ಕೇಳಿದರೆ ನನ್ನ ಉತ್ತರ ಒಂದೇ: ಶ್ರೀಲಂಕಾದ ದಕ್ಷಿಣ ಕರಾವಳಿ, ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಗಾಲೆ ಮತ್ತು ಮಾತರ ನಡುವಿನ ಅಹಂಗಮ, ಮಿಡಿಗಮ, ವೆಲಿಗಮ, ಮಿರಿಸ್ಸ ಊರುಗಳ ಸಾಲು.

ಶ್ರೀಲಂಕಾದ ಗಡಿಯಾರ 2006ರಿಂದ ನಮ್ಮ ಗಡಿಯಾರವೇ. ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಆರು ಗಂಟೆಗೆ ಬೆಳಕು ಹರಿಯುತ್ತದೆ, ಎಂಟೂವರೆಯವರೆಗೆ ನೀರಿನಲ್ಲಿದ್ದು, ಸ್ನಾನ ಮಾಡಿ, ತಿಂಡಿ ತಿಂದು ಒಂಬತ್ತೂವರೆಗೆ ಪರದೆಯ ಮುಂದೆ ಕುಳಿತುಕೊಳ್ಳಬಹುದು. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ವಿಮಾನ ಪ್ರಯಾಣ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಅದೇ ದಿನ ಮರಳಬಹುದು. ವಯಸ್ಸಾದ ತಂದೆ ತಾಯಿ ಇರುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಕರಾವಳಿಯ ಗಾಳಿಯ ವಿಚಾರ ಇನ್ನೂ ಚೆನ್ನಾಗಿದೆ. ಹಿಂದೂ ಮಹಾಸಾಗರದ ದೊಡ್ಡ ಅಲೆಗಳು ಹುಟ್ಟುವುದು ಬಹಳ ದಕ್ಷಿಣದಲ್ಲಿ, ನಲವತ್ತು ಐವತ್ತು ಡಿಗ್ರಿ ಅಕ್ಷಾಂಶಗಳ ಬಿರುಗಾಳಿಗಳಲ್ಲಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತವೆ. ಅವು ಅತಿ ದೊಡ್ಡದಾಗಿ ಬರುವುದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಆದರೆ ಆಗ ನೈಋತ್ಯ ಮುಂಗಾರು ದಕ್ಷಿಣ ಕರಾವಳಿಯ ಮೇಲೆ ನೇರವಾಗಿ ಅಪ್ಪಳಿಸುತ್ತಿರುತ್ತದೆ. ನವೆಂಬರ್ ನಂತರ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಅಲೆ ಚಿಕ್ಕದಾಗುತ್ತದೆ, ಅಚ್ಚುಕಟ್ಟಾಗುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ. ಮುಂಗಾರಿನಲ್ಲಿ ಬೇಕೆಂದರೆ ಪೂರ್ವ ಕರಾವಳಿಯ ಅರುಗಂ ಕೊಲ್ಲಿ ಇದೆ. ಅದೇ ದಕ್ಷಿಣದ ಅಲೆ ದ್ವೀಪವನ್ನು ಸುತ್ತಿಕೊಂಡು ಬಂದು ಅಲ್ಲಿನ ಭೂಶಿರದ ಉದ್ದಕ್ಕೂ ಒಡೆಯುತ್ತದೆ, ಗಾಳಿ ಬೆನ್ನ ಕಡೆಯಿಂದ, ನೆಲದಿಂದ ಬರುತ್ತದೆ. ಆ ಕೊಲ್ಲಿಯ ಪಕ್ಕದ ಪೊತ್ತುವಿಲ್ ಊರಿನ ಸುತ್ತಮುತ್ತ ತಮಿಳು ಮಾತನಾಡುವವರು ಹೆಚ್ಚು, ತಮಿಳು ಬಲ್ಲ ಬೆಂಗಳೂರಿಗರಿಗೆ ಭಾಷೆಯ ತೊಂದರೆ ಇಲ್ಲ. ಇಷ್ಟು ಚಿಕ್ಕ ದ್ವೀಪದಲ್ಲಿ ಎರಡು ಋತುಗಳಿಗೆ ಎರಡು ಕರಾವಳಿಗಳು ಸಿಗುವುದು ಅಪರೂಪ.

ವೆಲಿಗಮದ ಕೊಲ್ಲಿಯ ತಳ ಮರಳು. ಬಿದ್ದರೆ ಮರಳಿನ ಮೇಲೆ ಬೀಳುತ್ತೀರಿ. ಮಿಡಿಗಮದಲ್ಲಿ ತಳ ಬಂಡೆ ಮತ್ತು ಹವಳ, ಅಲ್ಲಿ ಬೀಳಲೂ ಕಲಿತಿರಬೇಕು. ಸಿಯರ್ಗಾವ್‌ನ ಕ್ಲೌಡ್ 9 ಅಲೆಯ ಚಿತ್ರ ನೋಡಿ ಮರುಳಾಗುವವರು, ಅದು ಕಡಿಮೆ ಆಳದ ಹವಳದ ಮೇಲೆ ಒಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಹವಳ ಕೊಯ್ದ ಗಾಯ ಬೇಗ ಕೀವಾಗುತ್ತದೆ. ಆಗ ಬೇಕಾಗುವುದು ಆಸ್ಪತ್ರೆ. ಅಹಂಗಮದಿಂದ ಗಾಲೆಯ ಕರಾಪಿಟಿಯ ಆಸ್ಪತ್ರೆ ದೂರವಿಲ್ಲ, ಮತ್ತೊಂದು ಕಡೆ ಮಾತರದಲ್ಲೂ ದೊಡ್ಡ ಆಸ್ಪತ್ರೆ ಇದೆ. ಸಿಯರ್ಗಾವ್‌ನ ವಿಷಯದಲ್ಲಿ ಇನ್ನೊಂದು ಮಾತೂ ಇದೆ. 2021ರ ಡಿಸೆಂಬರ್ 16ರಂದು ಓಡೆಟ್ ಚಂಡಮಾರುತ ಮೊದಲು ಬಂದು ಅಪ್ಪಳಿಸಿದ್ದೇ ಆ ದ್ವೀಪಕ್ಕೆ. ಮನೆಗಳ ಛಾವಣಿ ಹಾರಿದವು, ವಿದ್ಯುತ್ತು ಸಂಪರ್ಕ ಎಲ್ಲವೂ ಕಡಿದುಹೋದವು. ಅಲ್ಲಿನ ಜನ ಮತ್ತೆ ಎದ್ದು ನಿಂತಿದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಲೆಗಳು ಚೆನ್ನಾಗಿರುವ ತಿಂಗಳುಗಳೇ ಅಲ್ಲಿ ಚಂಡಮಾರುತದ ತಿಂಗಳುಗಳೂ ಆಗಿವೆ ಎಂಬುದನ್ನು ನೌಕರಿ ನೆಚ್ಚಿಕೊಂಡು ಹೋಗುವವರು ಮರೆಯಬಾರದು.

ಶ್ರೀಲಂಕಾದಲ್ಲಿ ಕಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2022ರಲ್ಲಿ ಆ ದೇಶ ದಿವಾಳಿಯಾದಾಗ ದಿನಕ್ಕೆ 13 ಗಂಟೆಯವರೆಗೆ ವಿದ್ಯುತ್ ಕಡಿತವಿತ್ತು, ಪೆಟ್ರೋಲಿಗೆ ಜನ ದಿನಗಟ್ಟಲೆ ಸರದಿಯಲ್ಲಿ ನಿಂತಿದ್ದರು. ಈಗ ಆ ಸ್ಥಿತಿ ಇಲ್ಲ. ಆದರೂ 2025ರ ಫೆಬ್ರವರಿ 9ರಂದು ಇಡೀ ದೇಶದ ವಿದ್ಯುತ್ತು ಒಮ್ಮೆಗೇ ಹೋಗಿತ್ತು. ಮನೆ ನೋಡುವಾಗ ಮಾಲೀಕರನ್ನು ಎರಡು ಪ್ರಶ್ನೆ ಕೇಳಿ: ಫೈಬರ್ ಸಂಪರ್ಕ ಇದೆಯೇ, ಕರೆಂಟು ಹೋದಾಗ ರೌಟರ್ ನಡೆಯುತ್ತದೆಯೇ. ಎರಡನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಚಿಕ್ಕ ಬ್ಯಾಟರಿ ಕೊಂಡೊಯ್ಯಿರಿ, ಸ್ಥಳೀಯ ಸಿಮ್ ಒಂದನ್ನು ಹಾಟ್‌ಸ್ಪಾಟ್‌ಗಾಗಿ ಇಟ್ಟುಕೊಳ್ಳಿ.

ಕಡಲಿಗೆ ಮುಖ ಮಾಡಿದ ಮನೆಯೇ ಬೇಕು ಎಂದು ಹಟ ಹಿಡಿಯಬೇಡಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ದ್ವೀಪ 30,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಹಿಕ್ಕಡುವ ಹತ್ತಿರದ ಪೆರಲಿಯದಲ್ಲಿ ಇಡೀ ರೈಲು ಕೊಚ್ಚಿಹೋಯಿತು. ಇದೇ ಕರಾವಳಿ, ಇದೇ ರೈಲು ಮಾರ್ಗ. ನೀವು ಬಾಡಿಗೆಗೆ ಹಿಡಿಯುವ ಮನೆಯ ಪಕ್ಕದ ಮನೆಯವರು ಆ ದಿನ ಯಾರನ್ನೋ ಕಳೆದುಕೊಂಡವರೇ ಆಗಿರಬಹುದು. ಒಳನಾಡಿನ ಎತ್ತರದ ಜಾಗಕ್ಕೆ ಹೋಗುವ ದಾರಿ ಯಾವುದು ಎಂದು ಮೊದಲ ದಿನವೇ ನಡೆದು ನೋಡಿಕೊಳ್ಳಿ.

ಆ ಜನರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ವೆಲಿಗಮದ ಕೊಲ್ಲಿ ನಮ್ಮ ಆಟದ ಮೈದಾನವಾಗುವ ಮೊದಲೇ ಮೀನುಗಾರರ ದುಡಿಮೆಯ ಜಾಗವಾಗಿತ್ತು, ಈಗಲೂ ಆಗಿದೆ. ದೋಣಿ ಬರುವಾಗ ದಾರಿ ಬಿಡಬೇಕು, ಬಲೆ ಎಳೆಯುವ ಕಡೆ ಬೋರ್ಡ್ ಹಿಡಿದು ನಿಲ್ಲಬಾರದು. ಬೋರ್ಡನ್ನು ಊರಿನವರ ಹತ್ತಿರವೇ ಬಾಡಿಗೆಗೆ ತೆಗೆದುಕೊಳ್ಳಿ, ಪಾಠವನ್ನು ಆ ಊರಿನ ಹುಡುಗ ಹುಡುಗಿಯರಿಂದಲೇ ಕಲಿಯಿರಿ. ಊಟವನ್ನೂ ಅಲ್ಲಿನ ಚಿಕ್ಕ ಹೋಟೆಲುಗಳಲ್ಲೇ ಮಾಡಿ. ಕೆಂಪಕ್ಕಿ ಅನ್ನ, ಸಂಬೋಲ ಎಂಬ ತೆಂಗಿನಕಾಯಿ ಚಟ್ನಿ, ಮೀನಿನ ಸಾರು, ಅಪ್ಪಂ ಇರುವ ಊಟ ನಮ್ಮ ಕರಾವಳಿಯವರಿಗೆ ಹೊರಗಿನದು ಎನಿಸುವುದೇ ಇಲ್ಲ. ನಮ್ಮಂಥವರು ಕೇಳಿದಷ್ಟು ಬಾಡಿಗೆ ಕೊಡುತ್ತಾ ಹೋದರೆ ಅದೇ ಊರಿನ ಶಿಕ್ಷಕಿಗೋ ದಾದಿಗೋ ಮನೆ ಸಿಗದಂತಾಗುತ್ತದೆ. ಚೌಕಾಸಿ ಮಾಡಿ ಬಡವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದಲ್ಲ ನಾನು ಹೇಳುತ್ತಿರುವುದು. ಒಬ್ಬರಿಗೆ ನಾಲ್ಕು ಕೋಣೆಯ ಬಂಗಲೆ ಬೇಡ ಎನ್ನುತ್ತಿದ್ದೇನೆ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ, ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರವಾಸಿ ವೀಸಾ ಇರುವುದು ಪ್ರವಾಸಕ್ಕೆ. ದೂರದಿಂದ ಕೆಲಸ ಮಾಡುವವರಿಗೆಂದೇ ಮಾರಿಷಸ್ ಪ್ರೀಮಿಯಂ ವೀಸಾ ಕೊಡುತ್ತದೆ, ಆ ಮಟ್ಟಿಗೆ ಅದು ನೇರವಾದ ದೇಶ. ಇಂಡೋನೇಷ್ಯಾದಲ್ಲೂ ಅಂಥ ವೀಸಾ ಇದೆ, ಆದರೆ ಅದಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಅಂದರೆ ಅರ್ಧ ಕೋಟಿ ರೂಪಾಯಿಗೂ ಮೇಲೆ. ಶ್ರೀಲಂಕಾಕ್ಕೆ ಹೊರಡುವ ಮೊದಲು ಅಂದಿನ ನಿಯಮವನ್ನು ಸರ್ಕಾರದ ಅಧಿಕೃತ ತಾಣದಲ್ಲೇ ಓದಿ, ನಿಮ್ಮ ಕಂಪನಿಯಿಂದ ಲಿಖಿತ ಅನುಮತಿ ಪಡೆಯಿರಿ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಹೊರದೇಶದಿಂದ ತೆರೆಯುವುದೇ ಇಲ್ಲ. ಪ್ರಯಾಣ ವಿಮೆಯಲ್ಲಿ ಸರ್ಫಿಂಗ್ ಸೇರಿದೆಯೇ ಎಂದೂ ನೋಡಿ. ಸಾಹಸ ಕ್ರೀಡೆಗಳನ್ನು ಹೊರಗಿಡುವ ವಿಮೆಗಳಿವೆ.

ಈ ವೀಸಾ ರಗಳೆಯೇ ಬೇಡ ಎನ್ನುವವರಿಗೆ ಒಂದು ದಾರಿ ನಮ್ಮ ದೇಶದೊಳಗೇ ಇದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ. ಲಿಟಲ್ ಅಂಡಮಾನ್. ಅಂಡಮಾನ್ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಏಪ್ರಿಲ್‌ನಲ್ಲಿ ಅಲ್ಲಿ ಐದು ಗಂಟೆಯ ಆಸುಪಾಸಿಗೇ ಸೂರ್ಯ ಹುಟ್ಟುತ್ತಾನೆ. ಕಚೇರಿಗೆ ಮೊದಲು ನಾಲ್ಕು ಗಂಟೆಗಳ ಬೆಳಕು! 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಚೆನ್ನೈ–ಅಂಡಮಾನ್ ಸಮುದ್ರದಡಿಯ ಕೇಬಲ್ ಈ ದ್ವೀಪವನ್ನೂ ಮುಟ್ಟುತ್ತದೆ. ಆದರೆ ಅಲ್ಲಿನ ಬಂದರಾದ ಹಟ್ ಬೇಗೆ ಸಾಮಾನ್ಯವಾಗಿ ಹಡಗಿನಲ್ಲೇ ಹೋಗಬೇಕು, ಹವಾಮಾನ ಕೆಟ್ಟರೆ ಹಡಗು ಹೊರಡುವುದಿಲ್ಲ. ಉಪ್ಪುನೀರಿನ ಮೊಸಳೆಗಳಿವೆ, ಸ್ಥಳೀಯರು ಬೇಡವೆಂದ ಕಡೆ ನೀರಿಗೆ ಇಳಿಯಲೇಬಾರದು. ದ್ವೀಪದ ಮೂಲನಿವಾಸಿಗಳಾದ ಓಂಗೆ ಜನರ ಮೀಸಲು ಪ್ರದೇಶದ ಹತ್ತಿರವೂ ಸುಳಿಯಬಾರದು. ತಿಂಗಳುಗಟ್ಟಲೆ ನೆಲೆ ನಿಲ್ಲಲು ಅದು ಇನ್ನೂ ಸಜ್ಜಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ರಜೆ ಹಾಕಿ ಹೋಗುವುದಾದರೆ ಖಂಡಿತ ಹೋಗಿ.

ಇನ್ನು, ಇದುವರೆಗೆ ಬೋರ್ಡಿನ ಮೇಲೆ ಒಮ್ಮೆಯೂ ನಿಂತಿಲ್ಲದವರು ಯಾವ ದ್ವೀಪಕ್ಕೂ ಟಿಕೆಟ್ ತೆಗೆಸಬೇಡಿ. ಮಂಗಳೂರಿನ ಉತ್ತರಕ್ಕೆ ಮೂಲ್ಕಿ ಇದೆ, ಸಸಿಹಿತ್ಲು ಇದೆ. ಭಾರತದಲ್ಲಿ ಈ ಕ್ರೀಡೆ ಬೇರುಬಿಟ್ಟದ್ದೇ ಅಲ್ಲಿ. ಮಳೆಗಾಲ ಕಳೆದ ಮೇಲೆ ಎರಡು ವಾರ ಮೂಲ್ಕಿಯಲ್ಲಿ ಕೋಣೆ ಹಿಡಿಯಿರಿ. ರಜೆ ಹಾಕಬೇಡಿ. ದಿನವೂ ಆರಕ್ಕೆ ನೀರಿಗೆ ಇಳಿದು ಒಂಬತ್ತೂವರೆಗೆ ಕೆಲಸಕ್ಕೆ ಕುಳಿತುಕೊಳ್ಳಿ, ಸಂಜೆಯ ಕರೆಗಳನ್ನೂ ಎಂದಿನಂತೆ ತೆಗೆದುಕೊಳ್ಳಿ. ಮೂರನೆಯ ದಿನಕ್ಕೆ ಭುಜ ಮೇಲೆತ್ತಲಾಗುವುದಿಲ್ಲ, ನಾಲ್ಕನೆಯ ದಿನ ಮಧ್ಯಾಹ್ನದ ಸಭೆಯಲ್ಲಿ ಕಣ್ಣು ಎಳೆಯುತ್ತದೆ. ಎರಡನೆಯ ವಾರದಲ್ಲಿ ದೇಹ ಒಗ್ಗಿತೇ, ಕೆಲಸ ಕೆಟ್ಟಿತೇ, ನಿದ್ದೆ ಸಾಕಾಯಿತೇ ಎಂದು ನೋಡಿ. ಆಮೇಲೂ ಆಸೆ ಹಾಗೇ ಇದ್ದರೆ ಡಿಸೆಂಬರ್‌ಗೆ ಕೊಲಂಬೊ ವಿಮಾನ ಹಿಡಿಯಿರಿ. ವೆಲಿಗಮದಲ್ಲಿ ಮೊದಲು ಒಂದು ವಾರಕ್ಕೆ ಮಾತ್ರ ಕೋಣೆ ತೆಗೆದುಕೊಂಡು, ಕಾಲ್ನಡಿಗೆಯಲ್ಲಿ, ಇಲ್ಲವೇ ಕರಾವಳಿಯ ರೈಲಿನಲ್ಲಿ ಅಹಂಗಮದವರೆಗೆ ಓಡಾಡಿ ಮನೆ ನೋಡಿ. ತಿಂಗಳ ಬಾಡಿಗೆಯ ಮಾತು ಆಡುವುದು ಅದಾದ ಮೇಲೆ.