ತವುಡು ತೆಗೆದರೆ ಏನೇನು ಹೋಗುತ್ತದೆ?

ನಮಸ್ಕಾರ ಎಲ್ಲರಿಗೂ. ಮೇಜಿನ ಮೇಲೆ ಎರಡು ಬಟ್ಟಲು ಕಾಣ್ತಿದೆ ಅಲ್ವಾ? ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ತವುಡು ಸಮೇತ ಬೀಸಿದ ಗೋಧಿ ಹಿಟ್ಟು. ಎರಡೂ ಗೋಧಿಯೇ. ಆದರೆ ಒಂದರಿಂದ ಒಳ್ಳೆಯದನ್ನೆಲ್ಲ ಮೊದಲೇ ತೆಗೆದುಬಿಟ್ಟಿದ್ದಾರೆ.

ಗೋಧಿ ಕಾಳಿನ ಹೊರಗೆ ತವುಡು, ಒಳಗೆ ಪಿಷ್ಟ ತುಂಬಿದ ಬಿಳಿ ತಿರುಳು, ಒಂದು ತುದಿಯಲ್ಲಿ ಮೊಳಕೆ ಒಡೆಯುವ ಪುಟ್ಟ ಭಾಗ. ತೂಕದಲ್ಲಿ ತಿರುಳೇ ಶೇ. 83ರ ಆಸುಪಾಸು. ತವುಡು ಶೇ. 14ರಷ್ಟು, ಮೊಳಕೆಯ ಭಾಗ ಶೇ. 3ರಷ್ಟು. ಆದರೆ ನಾರು, ಬಿ ವಿಟಮಿನ್‌ಗಳು, ಕಬ್ಬಿಣ, ಮೆಗ್ನೀಸಿಯಂ ಹೆಚ್ಚಾಗಿ ಸೇರಿಕೊಂಡಿರುವುದು ಈ ಎರಡು ಸಣ್ಣ ಭಾಗಗಳಲ್ಲಿ. ಮೈದಾ ಮಾಡುವಾಗ ಬೇರ್ಪಡಿಸುವುದೂ ಇವನ್ನೇ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ 10 ಗ್ರಾಂಗಿಂತ ಜಾಸ್ತಿ ನಾರಿದ್ದರೆ, ಮೈದಾದಲ್ಲಿ ಉಳಿಯುವುದು ಸುಮಾರು 3 ಗ್ರಾಂ.

ಅಕ್ಕಿಯ ಕಥೆಯೂ ಇದೇ. ಅದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದು ಕೋಳಿಗಳು! 1890ರ ದಶಕ, ಜಾವಾ ದ್ವೀಪ. ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಕಾಯಿಲೆಗೆ ಕಾರಣ ಹುಡುಕುತ್ತಿದ್ದರು. ನರಗಳು ಸೋತು, ಕಾಲು ಬಲ ಕಳೆದುಕೊಂಡು, ಹೃದಯಕ್ಕೂ ಪೆಟ್ಟು ಕೊಡುವ ಕಾಯಿಲೆ ಅದು. ಅವರ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಅದೇ ರೀತಿ ತೂರಾಡತೊಡಗಿದವು. ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದರೆ, ಅವು ಕಾಯಿಲೆ ಬಿದ್ದಾಗ ತಿನ್ನುತ್ತಿದ್ದದ್ದು ಸೇನಾ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ. ಹೊಸದಾಗಿ ಬಂದ ಅಡುಗೆಯವರು, ಸೇನೆಯ ಅಕ್ಕಿಯನ್ನು ಕೋಳಿಗಳಿಗೆ ಕೊಡುವುದಿಲ್ಲ ಎಂದರು. ಆಮೇಲೆ ಅವಕ್ಕೆ ಸಿಕ್ಕಿದ್ದು ಪಾಲಿಶ್ ಮಾಡದ ಅಕ್ಕಿ. ಆ ಅಡುಗೆಯವರು ಕೊಡಲ್ಲ ಎನ್ನದಿದ್ದರೆ ಈ ಗುಟ್ಟು ತಿಳಿಯಲು ಇನ್ನೆಷ್ಟು ಕಾಲ ಬೇಕಿತ್ತೋ! ಕೋಳಿಗಳನ್ನು ಚೇತರಿಸಿದ, ತವುಡಿನಲ್ಲಿದ್ದ ಅಂಶವೇ ಥಯಮಿನ್, ಅಂದರೆ ವಿಟಮಿನ್ ಬಿ1. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ಎಷ್ಟೋ ದೇಶಗಳಲ್ಲಿ ಮೈದಾಕ್ಕೆ ಕಬ್ಬಿಣ, ಬಿ ವಿಟಮಿನ್ ಮತ್ತೆ ಸೇರಿಸುತ್ತಾರೆ. ಒಳ್ಳೆಯದೇ. ಆದರೆ ಹೋದ ನಾರು ಅದರಿಂದ ವಾಪಸ್ ಬರುವುದಿಲ್ಲ. ನಾನು ಇಷ್ಟು ಒತ್ತಿ ಹೇಳುವುದು ಆ ನಾರಿಗಾಗಿಯೇ. ನಾರು ಮಲಬದ್ಧತೆ ತಡೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸ ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ಸಹಾಯವಾಗುತ್ತದೆ. ಇಡೀ ಧಾನ್ಯ ಜಾಸ್ತಿ ತಿನ್ನುವವರಲ್ಲಿ ಹೃದ್ರೋಗ, ಟೈಪ್ 2 ಸಕ್ಕರೆ ಕಾಯಿಲೆ, ಕರುಳಿನ ಕ್ಯಾನ್ಸರ್ ಕಡಿಮೆ ಎಂದು ದೊಡ್ಡ ದೊಡ್ಡ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬರೀ ಬಿಳಿ ಬ್ರೆಡ್, ಬಿಳಿ ಅನ್ನದಲ್ಲಿ ಅಷ್ಟು ಸಿಗುವುದು ಕಷ್ಟ.

ಅಂಗಡಿಯಲ್ಲಿ ಬ್ರೆಡ್ಡಿನ ಬಣ್ಣ ನೋಡಿ ನಂಬಬೇಡಿ. ಕಂದು ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ. ‘ಮಲ್ಟಿಗ್ರೇನ್’ ಎಂದರೆ ಹಲವು ಧಾನ್ಯ ಅಷ್ಟೆ, ಅವೂ ತವುಡು ತೆಗೆದವೇ ಆಗಿರಬಹುದು. ಪ್ಯಾಕೆಟ್ ತಿರುಗಿಸಿ, ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಓದಿ. ಅಲ್ಲಿ ಇಡೀ ಧಾನ್ಯ ಇರಬೇಕು.

ಒಂದೇ ದಿನ ಎಲ್ಲ ಬದಲಿಸಲು ಹೋದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಅರ್ಧ ಮೈದಾ, ಅರ್ಧ ಇಡೀ ಹಿಟ್ಟು ಹಾಕಿ, ನೀರು ಜಾಸ್ತಿ ಕುಡಿಯಿರಿ. ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳಿಗೆ ಪೆಟ್ಟಾಗುವ ಕಾಯಿಲೆ ಇದ್ದವರಿಗೆ ಗೋಧಿ, ಬಾರ್ಲಿ ಯಾವ ರೂಪದಲ್ಲೂ ಬೇಡ. ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇರುವುದರಿಂದ ಇಡೀ ಹಿಟ್ಟು ಬೇಗ ಕಮಟುತ್ತದೆ. ಸ್ವಲ್ಪಸ್ವಲ್ಪವೇ ತಂದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.